ಜಾಝ್ ಸಂಗೀತದಲ್ಲಿ ಪದವಿ: ಹನೂರಿನಿಂದ ಬಂದ ಒಂದು ಪ್ರಶ್ನೆಗೆ ಉತ್ತರ

ಹನೂರು ಕಡೆಯ ಒಂದು ಧರ್ಮಕೇಂದ್ರದ ಉಪದೇಶಿಯೊಬ್ಬರು ನಮಗೆ ಪ್ರಶ್ನೆಯೊಂದನ್ನು ಕಳುಹಿಸಿದ್ದಾರೆ. ಅವರ ಗಾಯನ ಮಂಡಳಿಯಲ್ಲಿ ಕೀಬೋರ್ಡ್ ನುಡಿಸುವ ಹುಡುಗನೊಬ್ಬ ಪಿಯುಸಿ ಮುಗಿಸಿ, ಮುಂದೆ ಜಾಝ್ ಓದುತ್ತೇನೆ ಎಂದು ಹಠ ಹಿಡಿದಿದ್ದಾನಂತೆ. ಅದು ಓದುವ ವಿಷಯವೇ, ಅದಕ್ಕೂ ಡಿಗ್ರಿ ಇದೆಯೇ, ಹೊಲ ಅಡವಿಟ್ಟು ಕಳುಹಿಸಿದರೆ ನಾಳೆ ಅನ್ನ ಹುಟ್ಟುತ್ತದೆಯೇ ಎಂದು ಮನೆಯವರು ಕೇಳುತ್ತಿದ್ದಾರೆ. ಕರಾವಳಿಯ ಧರ್ಮಕೇಂದ್ರಗಳಲ್ಲಿಯೂ ಇಂತಹ ಯುವಕ ಯುವತಿಯರು ಇರುವುದರಿಂದ, ಒಬ್ಬರಿಗೆ ಖಾಸಗಿಯಾಗಿ ಉತ್ತರಿಸುವ ಬದಲು ಎಲ್ಲ ಓದುಗರ ಮುಂದೆ ವಿಷಯವನ್ನು ಬಿಡಿಸಿಡುವುದು ಒಳ್ಳೆಯದೆಂದು ನಮಗೆ ತೋರಿತು.

ಜಾಝ್ ಎಂದರೆ ಹೋಟೆಲಿನ ಸಂಗೀತ ಎಂಬ ಅಭಿಪ್ರಾಯ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಅಮೆರಿಕದ ದಕ್ಷಿಣದಲ್ಲಿರುವ ನ್ಯೂ ಆರ್ಲಿಯನ್ಸ್ ನಗರದಲ್ಲಿ, 20ನೇ ಶತಮಾನದ ಆರಂಭದಲ್ಲಿ, ಕರಿಯ ಜನಾಂಗದವರ ನಡುವೆ ಅದು ಹುಟ್ಟಿತು. ಗುಲಾಮರ ದುಡಿಮೆಯ ಹಾಡು, ಚರ್ಚಿನ ಭಕ್ತಿಗೀತೆ, ಶವಯಾತ್ರೆಯ ಮುಂದೆ ಸಾಗುವ ಹಿತ್ತಾಳೆ ವಾದ್ಯಗಳ ಬ್ಯಾಂಡು ಇವೆಲ್ಲ ಅದರೊಳಗೆ ಸೇರಿವೆ. ಹಬ್ಬದ ಮೆರವಣಿಗೆಗೆ ಬ್ಯಾಂಡ್ ಕರೆಸುವ ನಮ್ಮ ಊರುಗಳಿಗೆ ಇದು ಅಷ್ಟೇನೂ ಪರಕೀಯವಲ್ಲ. ಹುಟ್ಟಿದಾಗ ಅದಕ್ಕೆ ವಿಶ್ವವಿದ್ಯಾಲಯದ ಗಾಳಿಯೇ ಇರಲಿಲ್ಲ. ಒಬ್ಬರ ಬಳಿ ಕುಳಿತು ಮತ್ತೊಬ್ಬರು ಕಿವಿಯಿಂದ ಕಲಿತರು.

ಅದು ತರಗತಿಯೊಳಗೆ ಬಂದದ್ದು ನಿಧಾನವಾಗಿ. 1928ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಹಾಕ್ ಸಂಗೀತ ವಿದ್ಯಾಲಯದಲ್ಲಿ ಮಾತ್ಯಾಸ್ ಸೈಬರ್ ಎಂಬವರು ಜಾಝ್ ತರಗತಿ ಆರಂಭಿಸಿದರು. ಬಾಸ್ಟನ್ನಿನಲ್ಲಿ ಲಾರೆನ್ಸ್ ಬರ್ಕ್ 1945ರಲ್ಲಿ ತೆರೆದ ಸಣ್ಣ ಶಾಲೆಯೇ ಮುಂದೆ ಬರ್ಕ್ಲಿ ಸಂಗೀತ ಕಾಲೇಜು ಆಯಿತು. 1947ರಲ್ಲಿ ಟೆಕ್ಸಾಸ್ ರಾಜ್ಯದ ಡೆಂಟನ್‌ನಲ್ಲಿ ಈ ಸಂಗೀತಕ್ಕೆ ಮೊದಲ ಪದವಿ ಪಠ್ಯಕ್ರಮ ಬಂದಾಗ ಅದನ್ನು ಜಾಝ್ ಎಂದು ಕರೆಯಲು ಹಿಂಜರಿದು 'ಡ್ಯಾನ್ಸ್ ಬ್ಯಾಂಡ್' ಎಂದು ಹೆಸರಿಟ್ಟರು. ಆಸ್ಟ್ರಿಯದ ಗ್ರಾಜ್‌ನಲ್ಲಿ 1965ರಲ್ಲಿ ಜಾಝ್ ವಿಭಾಗ ಆರಂಭವಾಯಿತು. ಹನೂರಿನ ತಂದೆತಾಯಿಗಳಿಗಿದ್ದ ಅನುಮಾನ ಅಂದಿನ ಪ್ರಾಧ್ಯಾಪಕರಿಗೂ ಇತ್ತು ಎಂದಾಯಿತು.

ಹಾಗಾದರೆ ನಾಲ್ಕು ವರ್ಷ ಅಲ್ಲಿ ಏನು ಕಲಿಸುತ್ತಾರೆ?

ಮೊದಲು ಕಿವಿ. ಬೋಧಕರು ಪಿಯಾನೋದಲ್ಲಿ ಒಂದು ಸ್ವರಗುಚ್ಛ ಒತ್ತಿದರೆ ವಿದ್ಯಾರ್ಥಿ ಅದರೊಳಗಿನ ಸ್ವರಗಳನ್ನು ಒಂದೊಂದಾಗಿ ಹಾಡಿ ತೋರಿಸಬೇಕು. ನಂತರ ಹಳೆಯ ದೊಡ್ಡವರ ಧ್ವನಿಮುದ್ರಣವನ್ನು ಕೇಳಿ, ಅವರು ಆ ಕ್ಷಣದಲ್ಲಿ ಕಲ್ಪಿಸಿ ನುಡಿಸಿದ್ದನ್ನು ಸ್ವರ ಬಿಡದೆ ಕಾಗದಕ್ಕೆ ಇಳಿಸಬೇಕು. ಚಾರ್ಲಿ ಪಾರ್ಕರ್ ಎಂಬ ಸ್ಯಾಕ್ಸೊಫೋನ್ ವಾದಕ 1955ರಲ್ಲಿ, ತಮ್ಮ 34ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಎರಡು ಮೂರು ನಿಮಿಷದಲ್ಲಿ ನುಡಿಸಿ ಮುಗಿಸಿದ್ದನ್ನು ಬರೆದುಕೊಳ್ಳಲು ಇಂದಿನ ವಿದ್ಯಾರ್ಥಿಗೆ ಕೆಲವೊಮ್ಮೆ ವಾರಗಳೇ ಬೇಕು. ನಮ್ಮ ಗುರುಮಠಗಳಲ್ಲಿ ಲ್ಯಾಟಿನ್ ಪಾಠವನ್ನು ಬಾಯಿಪಾಠ ಮಾಡಿಸುತ್ತಿದ್ದ ರೀತಿಯೇ ಇದು. ಮೊದಲು ಬೇರೆಯವರ ವಾಕ್ಯ ಬಾಯಲ್ಲಿ ಕೂರಬೇಕು, ತನ್ನ ವಾಕ್ಯ ಆಮೇಲೆ ಬರುತ್ತದೆ.

ಎರಡನೆಯದು ಸ್ವರಮೇಳ, ಅಂದರೆ ಹಾರ್ಮನಿ. ಇದನ್ನು ನಮ್ಮ ಗಾಯನ ಮಂಡಳಿಯವರೂ ಇಂದೇ ಪರೀಕ್ಷಿಸಿ ನೋಡಬಹುದು. 'ಸಿ' ಸ್ವರವನ್ನು ಷಡ್ಜವೆಂದು ಇಟ್ಟುಕೊಳ್ಳಿ. ಜಾಝ್‌ನಲ್ಲಿ ಅತಿ ಹೆಚ್ಚು ಕೇಳಿಬರುವ ಮೂರು ಸ್ವರಗುಚ್ಛಗಳು ಇವು: ಮೊದಲು ರಿ-ಮ-ದ-ಸ, ಆಮೇಲೆ ಪ-ನಿ-ರಿ-ಮ, ಕೊನೆಗೆ ಸ-ಗ-ಪ-ನಿ. ಕೀಬೋರ್ಡಿನವರು ಇವನ್ನು ಡಿ ಮೈನರ್ ಸೆವೆಂತ್, ಜಿ ಸೆವೆಂತ್, ಸಿ ಮೇಜರ್ ಸೆವೆಂತ್ ಎನ್ನುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಏನಾಗುತ್ತದೆ ಗಮನಿಸಿ. ಮೊದಲನೆಯದರಲ್ಲಿದ್ದ ಷಡ್ಜ ಅರ್ಧ ಸ್ವರ ಇಳಿದು ನಿಷಾದವಾಗುತ್ತದೆ, ಮಧ್ಯಮ ಕದಲುವುದಿಲ್ಲ. ಮುಂದಿನ ಹೆಜ್ಜೆಯಲ್ಲಿ ಆ ಮಧ್ಯಮ ಅರ್ಧ ಸ್ವರ ಇಳಿದು ಗಾಂಧಾರವಾಗುತ್ತದೆ, ಈಗ ನಿಷಾದ ಕದಲುವುದಿಲ್ಲ. ಕೈ ಹಾರಿಸಿ ಹಾರಿಸಿ ಗುಚ್ಛಗಳನ್ನು ಹಿಡಿಯುವವನ ನುಡಿಸಾಣಿಕೆ ತುಂಡುತುಂಡಾಗಿ ಕೇಳುತ್ತದೆ. ಈ ಎರಡು ಸ್ವರಗಳ ಇಳಿಜಾರನ್ನು ಅರಿತವನದು ನೀರಿನಂತೆ ಹರಿಯುತ್ತದೆ. ಇಷ್ಟನ್ನು ಕಲಿತರೂ ಸಾಲದು, 12 ಶ್ರುತಿಗಳಲ್ಲಿಯೂ ಅದನ್ನು ತಡವರಿಸದೆ ನುಡಿಸಬೇಕು. ಹಾಡುವವರ ಗಂಟಲಿಗೆ ತಕ್ಕಂತೆ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಕೆಲಸ ಸಾಗಿಸುವ ನಮ್ಮ ವಾದಕರಿಗೆ (ಇಂತಹವರು ಎಷ್ಟು ಮಂದಿ ಎಂದು ನಾವು ಹೇಳಬೇಕಾಗಿಲ್ಲ) ಇದೇ ಮೊದಲ ಬೆಟ್ಟ.

ಮೂರನೆಯದು ಕಲ್ಪಿಸಿ ನುಡಿಸುವುದು. ಕರ್ನಾಟಕ ಸಂಗೀತದ ಕಲ್ಪನಾಸ್ವರ ಕೇಳಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ನಮ್ಮಲ್ಲಿ ರಾಗ ಸ್ಥಿರ, ತಾಳದ ಆವರ್ತ ಮರಳಿ ಮರಳಿ ಬರುತ್ತದೆ. ಜಾಝ್‌ನಲ್ಲಿ ಸ್ವರಗುಚ್ಛಗಳ ಒಂದು ಮಾಲೆಯೇ ಆವರ್ತ. ಬ್ಲೂಸ್ ಎಂಬ ಮಾದರಿಯಲ್ಲಿ ಅದು 12 ಪಟ್ಟಿಗಳದು, ಪಟ್ಟಿಗೆ ನಾಲ್ಕರಂತೆ 48 ಎಣಿಕೆ. ಹಳೆಯ ಅಮೆರಿಕನ್ ಹಾಡುಗಳಲ್ಲಿ ಸಾಮಾನ್ಯವಾಗಿ 32 ಪಟ್ಟಿ, 128 ಎಣಿಕೆ. ನುಡಿಸುವವರು ಎಲ್ಲಿ ತೇಲಿದರೂ ಆವರ್ತದ ಯಾವ ಮನೆಯಲ್ಲಿ ಇದ್ದೇವೆ ಎಂಬುದನ್ನು ಮರೆಯುವಂತಿಲ್ಲ. 'ತೋಚಿದ್ದನ್ನು ನುಡಿಸುವುದೇ ಜಾಝ್' ಎನ್ನುವವರು ಅರ್ಧ ಗಂಟೆ ಈ ಲೆಕ್ಕ ಹಿಡಿದು ಕುಳಿತು ನೋಡಲಿ.

ಇನ್ನು ರಚನೆ, ಅಂದರೆ ಕಂಪೋಸಿಷನ್. ದೊಡ್ಡ ಜಾಝ್ ವೃಂದದಲ್ಲಿ ಸಾಮಾನ್ಯವಾಗಿ ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಜತೆಗೆ ಪಿಯಾನೋ, ಗಿಟಾರ್, ಬಾಸ್, ಡ್ರಮ್ಸ್ ಹೀಗೆ 17 ಮಂದಿ ಇರುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹಾಳೆ ಬರೆಯಬೇಕು. ಟ್ರಂಪೆಟ್ಟಿನವರು ತಮ್ಮ ಹಾಳೆಯಲ್ಲಿ 'ಸಿ' ಕಂಡು ಊದಿದರೆ ಹೊರಬರುವುದು 'ಬಿ ಫ್ಲ್ಯಾಟ್', ಆಲ್ಟೊ ಸ್ಯಾಕ್ಸೊಫೋನಿನಲ್ಲಿ 'ಇ ಫ್ಲ್ಯಾಟ್'. ಈ ಲೆಕ್ಕ ತಪ್ಪಿದರೆ ವೃಂದ ಒಟ್ಟಿಗೆ ಊದಿದ ಮೊದಲ ಉಸಿರಿನಲ್ಲಿಯೇ ಗುಟ್ಟು ರಟ್ಟು. ವರ್ಷಾಂತ್ಯದಲ್ಲಿ ವಿದ್ಯಾರ್ಥಿ ತಾನು ಬರೆದದ್ದನ್ನು ಸಹಪಾಠಿಗಳಿಂದ ನುಡಿಸಿ ಕೇಳಿಸಬೇಕು. ಇದರ ಜತೆ ಇತಿಹಾಸ, ಪಿಯಾನೋ ಎಲ್ಲರಿಗೂ ಕಡ್ಡಾಯ ಎಂಬಂತೆ, ಗುಂಪಿನಲ್ಲಿ ನುಡಿಸುವ ಅಭ್ಯಾಸ, ಕೊನೆಗೆ ಸಾರ್ವಜನಿಕ ಕಛೇರಿ.

ಇಷ್ಟೆಲ್ಲ ಓದಿದ ಕನ್ನಡದ ಮಕ್ಕಳು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ, ಇದ್ದಾರೆ. ರುದ್ರೇಶ್ ಮಹಾಂತಪ್ಪ ಕರ್ನಾಟಕ ಮೂಲದ ಕುಟುಂಬದವರು. ಭೌತಶಾಸ್ತ್ರದ ಪ್ರಾಧ್ಯಾಪಕರ ಮಗನಾಗಿ 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ, ಅಮೆರಿಕದ ಕೊಲೊರಾಡೊದ ಬೌಲ್ಡರ್ ನಗರದಲ್ಲಿ ಬೆಳೆದರು. ಬರ್ಕ್ಲಿಯಲ್ಲಿ ಜಾಝ್ ವಾದನದಲ್ಲಿ ಪದವಿ, ಷಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಜಾಝ್ ರಚನೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಡಿಪಾಲ್ ಎಂಬುದು ಸಂತ ವಿನ್ಸೆಂಟ್ ದೆ ಪೌಲರ ಹೆಸರಿನ ಕಥೋಲಿಕ ವಿಶ್ವವಿದ್ಯಾಲಯ ಎಂಬುದನ್ನು ನಮ್ಮ ಓದುಗರು ಗಮನಿಸಬಹುದು. 2016ರಲ್ಲಿ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ನಿರ್ದೇಶಕರಾಗಿ ನೇಮಕಗೊಂಡರು.

ಅವರು ಬರ್ಕ್ಲಿಯಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆ ತಂದುಕೊಟ್ಟರು. ಸ್ಯಾಕ್ಸೊಫೋನಿನಲ್ಲಿ ಭಾರತೀಯ ಸಂಗೀತ! ನುಡಿಸಿದವರು ಬೇರಾರೂ ಅಲ್ಲ, ನಮ್ಮ ಬಂಟ್ವಾಳ ಕಡೆಯ ಸಜಿಪಮೂಡದ ನಾಗಸ್ವರ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕದ್ರಿಯವರು, ಗಮಕ ಹೊರಡದ ಆ ಪರದೇಶದ ವಾದ್ಯವನ್ನು ಪಳಗಿಸಲು ವರ್ಷಗಟ್ಟಲೆ ಹೆಣಗಿದರು, ಅದರ ಕೀಲಿಗಳನ್ನೇ ಮಾರ್ಪಡಿಸಿಕೊಂಡರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರ ಜತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು, 2004ರಲ್ಲಿ ಪದ್ಮಶ್ರೀ ಪಡೆದರು. ತಮಾಷೆಯಾಗಿ ಸಿಕ್ಕಿದ ಆ ಧ್ವನಿಮುದ್ರಿಕೆ ರುದ್ರೇಶರ ದಾರಿಯನ್ನೇ ತಿರುಗಿಸಿತು. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆ ತಂದರು. ಒಬ್ಬರು ಸಂಗೀತ ಕಾಲೇಜು ಮುಗಿಸಿದವರು, ಇನ್ನೊಬ್ಬರು ಗುರುಗಳ ಕಾಲಬಳಿ ಕುಳಿತು ಕಲಿತವರು. ಕೇಳಿದರೆ ಯಾರದು ಹೆಚ್ಚಿನ ವಿದ್ಯೆ ಎಂದು ಹೇಳುವುದು ಕಷ್ಟ. ಕದ್ರಿಯವರು 2019ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ನಿಧನರಾದರು.

ರುದ್ರೇಶರ ಇನ್ನೊಂದು ಕೆಲಸವನ್ನು ನಾವು ಇಲ್ಲಿ ವಿವರವಾಗಿ ಹೇಳಲೇಬೇಕು, ಏಕೆಂದರೆ ರಚನೆ ಎಂದರೇನೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಾಣದು. ಅಮೆರಿಕದಲ್ಲಿ ಭಾರತೀಯರನ್ನು 'ನೀವು ಇಂಡಿಯನ್ ಮಾತನಾಡುತ್ತೀರಾ' ಎಂದು ಕೇಳುವವರು ಬಹಳ. ಹಾಗೊಂದು ಭಾಷೆಯೇ ಇಲ್ಲವಲ್ಲ! ರುದ್ರೇಶರು ಈ ಪ್ರಶ್ನೆಗೆ ಭಾರತೀಯ ಮೂಲದವರು ತಮ್ಮ ತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರವನ್ನು ಧ್ವನಿಮುದ್ರಿಸಿಕೊಂಡರು. ಮಾತಾಡುವಾಗ ಧ್ವನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು, ಯಾವ ಅಕ್ಷರಕ್ಕೆ ತಡೆಯಿತು ಎಂಬುದನ್ನು ಸ್ವರಲಿಪಿಗೆ ಇಳಿಸಿದರು. ಆ ಮಾತಿನ ರೇಖೆಯೇ ರಾಗವಾಯಿತು. ಅದರ ಕೆಳಗೆ ಸ್ವರಗುಚ್ಛ ಜೋಡಿಸಿ, ತಾಳ ಹೊಂದಿಸಿ ತಮ್ಮ ತಂಡದಿಂದ ನುಡಿಸಿದರು. 2004ರಲ್ಲಿ ಬಂದ ಆ ಧ್ವನಿಮುದ್ರಿಕೆಯ ಹೆಸರು 'ಮದರ್ ಟಂಗ್', ಅಂದರೆ ತಾಯ್ನುಡಿ. ಅದರಲ್ಲಿ 'ಕನ್ನಡ' ಎಂಬ ಹೆಸರಿನ ರಚನೆ ಇದೆ, 'ತಮಿಳು' ಇದೆ, 'ಕೊಂಕಣಿ' ಎಂಬುದೂ ಇದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಓದುಗರಿಗೂ, ಮನೆಯಲ್ಲಿ ತಮಿಳು, ಪೇಟೆಯಲ್ಲಿ ಕನ್ನಡ ಆಡುವ ಮಾರ್ಟಳ್ಳಿ ಕಡೆಯ ಬಾಂಧವರಿಗೂ ಇದು ಸ್ವಂತ ವಿಷಯವೇ. ಹನೂರು ಸೀಮೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎರಡು ಭಾಷೆಗಳ ಏರಿಳಿತ ಅಲ್ಲಿನ ಮಕ್ಕಳ ಕಿವಿಯಲ್ಲಿ ಹುಟ್ಟಿನಿಂದಲೇ ಇದೆ.

ಅಷ್ಟೇ ಅಲ್ಲ. ಹನೂರು ಎಂದರೆ ಮಲೆ ಮಹದೇಶ್ವರ ಬೆಟ್ಟದ ಸೀಮೆ, ಕಂಸಾಳೆಯ ಸೀಮೆ. ದೇವರಗುಡ್ಡರು ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದು ಕೈಯಲ್ಲಿ ದಾರಕ್ಕೆ ಕಟ್ಟಿದ ಕಂಚಿನ ತಾಳ ಹಿಡಿದು ಮಹದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಾರೆ. ಜುಂಜೇಗೌಡ, ಸಂಕಮ್ಮ, ಸರಗೂರಯ್ಯ ಹೀಗೆ ಒಬ್ಬೊಬ್ಬರ ಕಥೆ ಒಂದೊಂದು ಸಾಲು. ಮುಖ್ಯ ಗಾಯಕ ಹಾಡುತ್ತಾನೆ, ಜತೆಯವರು ಸೊಲ್ಲು ಕೊಡುತ್ತಾರೆ. ಕೂಗು ಮತ್ತು ಮಾರ್ದನಿಯ ಈ ಕ್ರಮವನ್ನೇ ಜಾಝ್ ಇತಿಹಾಸದ ಮೊದಲ ಪಾಠಗಳಲ್ಲಿ, ಆಫ್ರಿಕಾದಿಂದ ಬಂದದ್ದೆಂದು ಬೋಧಿಸುತ್ತಾರೆ. ಕೇಳುಗರ ಮುಖ ನೋಡಿ ಕಥೆಯನ್ನು ಹಿಗ್ಗಿಸುವುದು, ಕುಗ್ಗಿಸುವುದು ಕಂಸಾಳೆಯವರ ವಿದ್ಯೆ. ಬೀಸು ಕಂಸಾಳೆಯಲ್ಲಿ ಮೈ ತಿರುಗಿಸುತ್ತಾ, ತಾಳವನ್ನು ಬೀಸಿ ಹೊಡೆಯುತ್ತಾ ಲಯ ತಪ್ಪದಿರುವುದನ್ನು ಕಂಡವರಿಗೆ, ಇದನ್ನು ಯಾವ ಕಾಲೇಜಿನ ಲಯಪಾಠ ಕಲಿಸೀತು ಎನಿಸುತ್ತದೆ. ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲಿ ಈ ಕಾವ್ಯವನ್ನು ಸಂಗ್ರಹಿಸಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಪಾಠ ಇಂಗ್ಲಿಷಿಗೂ ಅನುವಾದವಾಗಿ 2001ರಲ್ಲಿ ಸಾಹಿತ್ಯ ಅಕಾದೆಮಿಯಿಂದ ಹೊರಬಂತು. ಹನೂರಿನಿಂದ ಹೊರಟ ವಿದ್ಯಾರ್ಥಿ ಆಡಿಷನ್ನಿನಲ್ಲಿ ಅಮೆರಿಕದವರ ಹಾಡನ್ನೇ ಇನ್ನೊಮ್ಮೆ ನುಡಿಸುವುದಕ್ಕಿಂತ, ತಾನು ಹುಟ್ಟಿದ ಸೀಮೆಯ ಲಯವನ್ನು ಅರಿತು ಹೋಗುವುದು ಮೇಲು ಎಂಬುದು ನಮ್ಮ ಅನಿಸಿಕೆ. ಅದು ಇನ್ನೊಂದು ಸಮುದಾಯದವರ ಭಕ್ತಿಯ ಹಾಡು; ಆದುದರಿಂದ ಅವರ ಬಳಿ ಹೋಗಿ, ಕೇಳಿ, ಗೌರವದಿಂದ ಕಲಿಯಬೇಕು, ಮೊಬೈಲಿನಲ್ಲಿ ಹಿಡಿದು ತರುವುದಲ್ಲ.

ಬೆಂಗಳೂರಿನಲ್ಲಿ ಇಂತಹ ಕೊಡುಕೊಳ್ಳುವಿಕೆ ಹೊಸದೇನಲ್ಲ. 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರೊಡನೆ, ಬರ್ಕ್ಲಿಯಲ್ಲಿ ಬೋಧಕರಾಗಿದ್ದ ಚಾರ್ಲಿ ಮರಿಯಾನೊ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಮಾಡಿದರು. 1983ರಲ್ಲಿ ಅದು ಬಂತು. ಸ್ಯಾಕ್ಸೊಫೋನಿನಲ್ಲಿ ಹೆಸರು ಮಾಡಿದ ಮೇಲೂ ಆ ಮನುಷ್ಯ ಭಾರತಕ್ಕೆ ಬಂದು ನಾಗಸ್ವರ ಕಲಿಯಲು ಕುಳಿತರು.

ಚರ್ಚಿನ ಸಂಬಂಧವೇನು ಎಂದೂ ಉಪದೇಶಿಗಳು ಕೇಳಿದ್ದಾರೆ. ಎರಡು ಸಂಗತಿ ಹೇಳುತ್ತೇವೆ. ಗೋವೆಯ ಧರ್ಮಕೇಂದ್ರದ ಶಾಲೆಗಳಲ್ಲಿ ಮೇಸ್ತ್ರಿಗಳು ಬಡ ಮಕ್ಕಳಿಗೆ ಸ್ವರಲಿಪಿ, ಪಿಟೀಲು ಕಲಿಸುತ್ತಿದ್ದರು. ಅಲ್ಲಿ ಕಲಿತವರು ಮುಂಬಯಿಗೆ ಹೋಗಿ 1930ರ ದಶಕದಿಂದ ಜಾಝ್ ವೃಂದಗಳಲ್ಲಿ ನುಡಿಸಿದರು. ಚಿಕ್ ಚಾಕಲೇಟ್ ಎಂದೇ ಪ್ರಸಿದ್ಧರಾದ ಆಂಟೋನಿಯೊ ಝೇವಿಯರ್ ವಾಜ್ ಅವರಂತಹ ಅನೇಕರು ಹಿಂದಿ ಚಿತ್ರಗೀತೆಗಳ ವಾದ್ಯವೃಂದಕ್ಕೂ ಬೆನ್ನೆಲುಬಾದರು. ವಿಶ್ವವಿದ್ಯಾಲಯ ಮಾಡುವ ಕೆಲಸದ ಅರ್ಧವನ್ನು ಅಂದು ಧರ್ಮಕೇಂದ್ರವೇ ಮಾಡಿತ್ತು. ಇನ್ನೊಂದು, ಮೇರಿ ಲೂ ವಿಲಿಯಮ್ಸ್ ಅವರ ಕಥೆ. ಈ ಮಹಾ ಪಿಯಾನೋ ವಾದಕಿ 1957ರಲ್ಲಿ ಕಥೋಲಿಕರಾಗಿ, ಜಾಝ್ ಶೈಲಿಯಲ್ಲಿ ಬಲಿಪೂಜೆಯ ಸಂಗೀತ ರಚಿಸಿದರು. 1975ರಲ್ಲಿ ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಮಹಾದೇವಾಲಯದಲ್ಲಿ ಅದು ಬಲಿಪೂಜೆಯಲ್ಲಿಯೇ ಕೇಳಿಬಂತು. 1977ರಿಂದ 1981ರಲ್ಲಿ ಸಾಯುವವರೆಗೆ ಅವರು ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಕಾಲೇಜು ಪದವಿ ಇಲ್ಲದ ಬೋಧಕಿ ಎಂಬುದು ವಿಶೇಷ.

ಈಗ ಹಣದ ಮಾತು. ಇದರಲ್ಲಿ ಮುಚ್ಚುಮರೆ ಸಲ್ಲದು. ಬರ್ಕ್ಲಿಯಂತಹ ಕಡೆ ವರ್ಷಕ್ಕೆ ಬೋಧನಾ ಶುಲ್ಕವೇ 45 ಸಾವಿರ ಡಾಲರಿಗಿಂತ ಹೆಚ್ಚು. ಊಟ ವಸತಿ ಬೇರೆ. ವಿದ್ಯಾರ್ಥಿವೇತನ ಇದೆ, ಆದರೆ ಪೂರ್ತಿ ವೆಚ್ಚ ಭರಿಸುವಂಥದ್ದು ಕೆಲವರಿಗೆ ಮಾತ್ರ. ಅದಿಲ್ಲದೆ ಹೊಲದ ಮೇಲೆ ಸಾಲ ಮಾಡಿ ಹೋಗುವುದನ್ನು ನಾವು ಒಪ್ಪುವುದಿಲ್ಲ. ಜಾಝ್ ಪದವೀಧರರಲ್ಲಿ ಬರೀ ಕಛೇರಿಯಿಂದ ಬದುಕುವವರು ಅಮೆರಿಕದಲ್ಲಿಯೂ ಕಡಿಮೆ. ಪಾಠ ಹೇಳುವುದು, ಚಿತ್ರಗಳಿಗೆ ವಾದ್ಯ ಸಂಯೋಜನೆ, ಸ್ಟುಡಿಯೋ ಕೆಲಸ, ಚರ್ಚಿನ ಸಂಗೀತ ನಿರ್ದೇಶನ ಇವುಗಳನ್ನು ಸೇರಿಸಿ ಹೊಟ್ಟೆ ಹೊರೆಯುತ್ತಾರೆ. ಜರ್ಮನಿಯ ಹೆಚ್ಚಿನ ಸರ್ಕಾರಿ ಸಂಗೀತ ವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯೂರೋಪ್ ಒಕ್ಕೂಟದ ಹೊರಗಿನವರಿಗೆ 2017ರಿಂದ ಆರು ತಿಂಗಳಿಗೆ 1500 ಯೂರೊ ವಿಧಿಸಿದ್ದಾರೆ. ಆದರೆ ಅಲ್ಲಿ ಪ್ರವೇಶ ಪರೀಕ್ಷೆ ಕಠಿಣ, ಜರ್ಮನ್ ಭಾಷೆಯೂ ಬರಬೇಕು, ಜೀವನ ವೆಚ್ಚಕ್ಕೆ ಹಣ ತೋರಿಸಬೇಕು.

ನಮ್ಮಲ್ಲಿಯೇ ಆರಂಭಿಸುವ ದಾರಿ ಇದೆ. ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಮುಖ್ಯವಾಗಿ ನಮ್ಮ ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕಗಳಿಗೆ ಇರುವಂಥದ್ದು. ಆದರೂ ಲಯಕ್ಕೆ, ಕಲ್ಪನೆಗೆ ಅದು ಕೊಡುವ ತಳಹದಿ ಸಣ್ಣದಲ್ಲ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವೂ ಇದೆ. ಪಾಶ್ಚಾತ್ಯ ಸಂಗೀತಕ್ಕೆ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ 1987ರಲ್ಲಿ, ಎ.ಆರ್. ರೆಹಮಾನ್ ಅವರ ಕೆ.ಎಂ. ಸಂಗೀತ ವಿದ್ಯಾಲಯ 2008ರಲ್ಲಿ ಚೆನ್ನೈಯಲ್ಲಿ ಆರಂಭವಾದವು. ಲಂಡನ್ನಿನ ಟ್ರಿನಿಟಿ ಪರೀಕ್ಷೆಗಳನ್ನು ಇಲ್ಲಿಂದಲೇ ಬರೆಯಬಹುದು; ಮೈಸೂರಿನ ಅರಸರಾದ ಜಯಚಾಮರಾಜ ಒಡೆಯರ್ ಅವರೇ ಟ್ರಿನಿಟಿಯ ಗೌರವ ಫೆಲೋ ಆಗಿದ್ದರು. ಎಂಟು ಗ್ರೇಡ್‌ಗಳಿವೆ, ಎಂಟನೆಯದರ ಮಟ್ಟ ಮುಟ್ಟಿದವರಿಗೆ ಹೊರಗಿನ ವಿದ್ಯಾಲಯಗಳ ಬಾಗಿಲು ತಟ್ಟುವ ಧೈರ್ಯ ಬರುತ್ತದೆ. ಬರ್ಕ್ಲಿಯ ಆಡಿಷನ್ನಿನಲ್ಲಿ ತಯಾರಿ ಮಾಡಿದ ಒಂದು ರಚನೆ, ಸ್ಥಳದಲ್ಲೇ ಕಲ್ಪಿಸಿ ನುಡಿಸುವುದು, ಮೊದಲ ಸಲ ಕಂಡ ಸ್ವರಲಿಪಿ ಓದುವುದು, ಕಿವಿಯ ಪರೀಕ್ಷೆ, ಆಮೇಲೆ ಒಂದು ಸಂದರ್ಶನ ಇರುತ್ತದೆ. ಕಿವಿಯಿಂದ ಮಾತ್ರ ಕಲಿತ ನಮ್ಮ ಗಾಯನ ಮಂಡಳಿಯ ಮಕ್ಕಳು ಸಾಮಾನ್ಯವಾಗಿ ಎಡವುವುದು ಸ್ವರಲಿಪಿಯಲ್ಲಿ. ಆದುದರಿಂದ ಮೊದಲ ಎರಡು ವರ್ಷ ಯಾವುದಾದರೂ ಸಾಮಾನ್ಯ ಪದವಿಗೆ ಸೇರಿ, ವಾರಕ್ಕೊಮ್ಮೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ಸ್ವರಲಿಪಿ ಕಲಿಯಲಿ ಎಂದು ಉಪದೇಶಿಗಳಿಗೆ ಬರೆದಿದ್ದೇವೆ. ಬಸ್ಸಿನ ಖರ್ಚನ್ನು ಧರ್ಮಕೇಂದ್ರದ ಪಾಲನಾ ಪರಿಷತ್ತು ಭರಿಸಬಹುದೇ ಎಂದೂ ಕೇಳಿದ್ದೇವೆ. ಪ್ರತಿ ಭಾನುವಾರ ಸಂಬಳವಿಲ್ಲದೆ ನುಡಿಸುವವರಿಗೆ ಅದು ದಾನವಲ್ಲ. ಕೀಬೋರ್ಡ್ ಕೊಳ್ಳುವ ಯೋಚನೆಯಲ್ಲಿರುವ ಧರ್ಮಕೇಂದ್ರಗಳು 61 ಕೀಲಿಗಳದ್ದರ ಬದಲು ಪಿಯಾನೋದಂತೆ ಭಾರವಾದ 88 ಕೀಲಿಗಳದ್ದನ್ನು ಆರಿಸಿದರೆ, ಇಂತಹ ಮಕ್ಕಳಿಗೆ ಅಭ್ಯಾಸಕ್ಕೂ ಒದಗುತ್ತದೆ.